ಭಾವನ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿ

(ನಮ್ಮ ಕನ್ನಡ ಕಾರ್ಯಕ್ರಮದ ಆರೋಗ್ಯ ಮಾಲಿಕೆಯಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ. ಆ ದಿನ ರೇಡಿಯೋ ಹಾಕಲಾಗದವರಿಗಾಗಿ.)



ಇವತ್ತು ನಾನು ಡಬ್ಬಿಗಳ ಬಗ್ಗೆ ಮಾತಾಡಬೇಕೆಂದಿದ್ದೇನೆ. ಉಪ್ಪಿನಕಾಯಿ ಡಬ್ಬಿಯಲ್ಲ, ಹಪ್ಪಳದ ಡಬ್ಬಿಯೂ ಅಲ್ಲ. ಈಚೀಚೆಗೆ ನಮ್ಮೆಲ್ಲರ ಮನೆಯ ಊಟದ ಮೇಜಿನ ಮೇಲೆ, ನೀರಿನ ಜಗ್ಗಿನ ಪಕ್ಕದಲ್ಲಿ ಬಂದು ಕೂತಿವೆಯಲ್ಲ, ಆ ಬಿಳಿ ಪ್ಲಾಸ್ಟಿಕ್ ಡಬ್ಬಿಗಳು. ಒಂದರ ಮೇಲೆ 'ಸೆಲ್ ಎನರ್ಜಿ' ಎಂದಿರುತ್ತದೆ, ಇನ್ನೊಂದರ ಮೇಲೆ 'ಹೆಲ್ದಿ ಏಜಿಂಗ್'. ಅಂದರೆ ಜೀವಕೋಶಗಳಿಗೆ ಚೈತನ್ಯ, ಮುಪ್ಪಿಗೆ ಆರೋಗ್ಯ. ಅರುವತ್ತು ದಾಟಿದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಮಾತು ಬೇರೆ ಯಾವುದಿದೆ, ಹೇಳಿ!

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡಿದವಳು. ಆ ಡಬ್ಬಿಗಳ ಒಳಗಿರುವ ಹೆಸರುಗಳನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದು ಬರೆದು ಕೈ ನೋಯಿಸಿಕೊಂಡವಳು. ಆದರೂ ನಮ್ಮ ಮನೆಯಲ್ಲೇ ಒಂದು ಡಬ್ಬಿ ಬಂದು ಕೂತಾಗ ನನಗೆ ಗೊತ್ತಾಗಿದ್ದು ತಡವಾಗಿ. ಆ ಕತೆಯಿಂದಲೇ ಶುರು ಮಾಡುತ್ತೇನೆ.

ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ ನಾಸಿಕ ದಾಟಿ ಸುಮಾರು ಮೂವತ್ತು ಕಿಲೋಮೀಟರ್ ಹೋದರೆ ಪಿಂಪಳಗಾಂವ್ ಬಸವಂತ್ ಸಿಗುತ್ತದೆ. ನಾಸಿಕ ಜಿಲ್ಲೆಯ ನಿಫಾಡ್ ತಾಲೂಕಿನ ಊರು. ನನ್ನ ಯಜಮಾನರ ಅಣ್ಣ, ಅಂದರೆ ನನ್ನ ಭಾವ, ಎಂಬತ್ತರ ದಶಕದಲ್ಲಿ ಕುಂದಾಪುರದ ಕಡೆಯಿಂದ ಹೋಗಿ ಅಲ್ಲೊಂದು ಉಡುಪಿ ಹೋಟೆಲು ಇಟ್ಟರು. "ಊರಿನ ಹೆಸರಲ್ಲಿ ಬಸವ ಅಂತ ಕೇಳಿಸಿತು, ನಮ್ಮವರದೇ ಊರಿರಬೇಕು ಅಂತ ಇಳಿದುಬಿಟ್ಟೆ" ಎಂದು ಅವರು ಇಂದಿಗೂ ತಮಾಷೆ ಮಾಡುತ್ತಾರೆ. ಬೆಳಗಿನ ನಾಲ್ಕೂವರೆಗೆ ಏಳುವುದು, ಹಿಟ್ಟು ನೋಡುವುದು, ಸಾಂಬಾರಿಗೆ ಒಗ್ಗರಣೆ ತಾವೇ ಹಾಕುವುದು, ಆರಕ್ಕೆ ಬಾಗಿಲು ತೆಗೆಯುವುದು. ನಲವತ್ತು ವರ್ಷ ಇದು ತಪ್ಪಿದ್ದಿಲ್ಲ.

ಊರಿನ ಜೀವ ಇರುವುದು ಅಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ. ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಮಳೆಗಾಲ ಇಳಿಯುವ ಹೊತ್ತಿಗೆ ಟೊಮೆಟೊ ಕ್ರೇಟುಗಳ ಗೋಪುರ. ಜನವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿ; ಥಾಮ್ಸನ್, ಸೋನಾಕಾ, ಕಪ್ಪು ಬಣ್ಣದ ಶರದ್ ಸೀಡ್‌ಲೆಸ್. ಹರಾಜು ಮುಗಿಸಿ ಬಂದ ರೈತರು, ಚಾಲಕರು, ಹಮಾಲರು ಭಾವನ ಹೋಟೆಲಿನಲ್ಲಿ ಇಡ್ಲಿ ತಿಂದು ಚಹಾ ಕುಡಿದು ಹೋಗುತ್ತಾರೆ.

ಹೋದ ವರ್ಷ ಫೆಬ್ರವರಿಯಲ್ಲಿ, ದ್ರಾಕ್ಷಿಯ ಕಾಲದಲ್ಲಿ, ನಾವು ಅಲ್ಲಿಗೆ ಹೋಗಿದ್ದೆವು. ಯಾವಾಗಲೂ ನಿಂತೇ ಇರುತ್ತಿದ್ದ ಭಾವ ಅಂದು ಗಲ್ಲಾಪೆಟ್ಟಿಗೆಯ ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ಮುಖದಲ್ಲಿ ಕಳೆಯಿರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ, ಗಣಪತಿ ಫೋಟೋದ ಕೆಳಗೆ, ಆ ಡಬ್ಬಿ.

"ಇದೇನು ಭಾವ?" ಅಂದೆ.

"ಸೆಲ್ ಎನರ್ಜಿ ಅಮ್ಮಾ. ಸುಸ್ತಿಗೆ ಒಳ್ಳೆಯದಂತೆ. ದಿನಕ್ಕೆ ಎರಡು ಕ್ಯಾಪ್ಸೂಲು, ರಾತ್ರಿ ಒಂದು ಚಮಚ ಪುಡಿ. ಚೌತಿಯಿಂದ ತಗೊಳ್ತಾ ಇದ್ದೇನೆ."

ಕೊಟ್ಟವರು ಯಾರು? ದಿನಾ ಚಹಾಕ್ಕೆ ಬರುವ ಪರಿಚಯದವರು. ಒಳ್ಳೆಯ ಮನುಷ್ಯ, ಮೋಸಗಾರನಲ್ಲ. ತಾನೂ ತಿನ್ನುತ್ತಿದ್ದ, ತನ್ನ ತಾಯಿಗೂ ಕೊಡುತ್ತಿದ್ದ. ಕೆಳಗೆ ನಾಲ್ಕು ಜನರನ್ನು ಸೇರಿಸಿದರೆ ಕಮಿಷನ್ ಬರುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ತಿಂಗಳಿಗೆ ಮೂರು ಸಾವಿರದ ಎಂಟುನೂರು ರೂಪಾಯಿ. ಭಾವ ಲೆಕ್ಕದಲ್ಲಿ ಬಿಗಿ. ಒಂದು ಲೋಟ ಹಾಲು ಹೆಚ್ಚು ಚೆಲ್ಲಿದರೂ ಗೊತ್ತಾಗುವ ಮನುಷ್ಯ. ಆದರೆ ಸುಸ್ತು ಎಂಬುದು ಎಂಥವರ ಬಿಗಿಯನ್ನೂ ಸಡಿಲಿಸುತ್ತದೆ.

ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದೆ. ದ್ರಾಕ್ಷಿ ಸಿಪ್ಪೆಯ ಸಾರ, ಅಂದರೆ ರೆಸ್ವೆರಾಟ್ರಾಲ್. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್. ಟೊಮೆಟೊದ ಕೆಂಪು ಬಣ್ಣವಾದ ಲೈಕೊಪೀನ್. ಜೊತೆಗೆ ಕೋಎನ್ಜೈಮ್ ಕ್ಯೂ10, ನಿಯಾಸಿನ್, ಫೋಲಿಕ್ ಆಮ್ಲ. ನನಗೆ ನಗು ಬಂತು. ದ್ರಾಕ್ಷಿ, ಈರುಳ್ಳಿ, ಟೊಮೆಟೊ, ಮೂರೂ ಅವರ ಹೋಟೆಲಿನೆದುರಿನ ಯಾರ್ಡಿನಲ್ಲಿ ರಾಶಿ ಬಿದ್ದಿವೆ! ಬಾಗಿಲೆದುರು ಹರಾಜಾಗುವ ಮಾಲನ್ನು ಭಾವ ಕ್ಯಾಪ್ಸೂಲಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದರು.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು, ಈ 'ಜೀವಕೋಶದ ಚೈತನ್ಯ' ಎಂದರೇನು ಎಂದು ಸ್ವಲ್ಪ ತಿಳಿಯೋಣ. ಅದು ಸುಳ್ಳು ಮಾತಲ್ಲ, ನಿಜವಾದ ವಿಜ್ಞಾನವೇ. ಅದರ ಒಂದು ಎಳೆ ನಮ್ಮ ನೆರೆಯ ಆಂಧ್ರಕ್ಕೆ ಹೋಗುತ್ತದೆ.

ನಾವು ತಿಂದ ಅನ್ನ, ರೊಟ್ಟಿ, ಎಣ್ಣೆ ಎಲ್ಲ ಕೊನೆಗೆ ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಎಂಬ ಪುಟ್ಟ ಒಲೆಗಳಲ್ಲಿ ಉರಿಯುತ್ತದೆ. ಆ ಉರಿಯನ್ನು ದೇಹ ನೇರವಾಗಿ ಬಳಸುವುದಿಲ್ಲ. ಎ.ಟಿ.ಪಿ. ಎಂಬ ಅಣುವಿನಲ್ಲಿ ಹಿಡಿದಿಟ್ಟು, ಬೇಕಾದಲ್ಲಿ ಚಿಲ್ಲರೆಯ ಹಾಗೆ ಖರ್ಚು ಮಾಡುತ್ತದೆ. ಕಣ್ಣು ಮಿಟುಕಿಸಲೂ ಅದೇ ಚಿಲ್ಲರೆ, ಹೃದಯ ಬಡಿಯಲೂ ಅದೇ. ಯಾವುದೇ ಕ್ಷಣದಲ್ಲಿ ಮೈಯಲ್ಲಿರುವ ಎ.ಟಿ.ಪಿ. ಬಹಳ ಸ್ವಲ್ಪ. ಆದರೆ ಅದನ್ನೇ ಮುರಿದು ಕಟ್ಟಿ, ಮುರಿದು ಕಟ್ಟಿ, ಒಂದು ದಿನದಲ್ಲಿ ಹತ್ತಾರು ಕಿಲೋ ಲೆಕ್ಕದಲ್ಲಿ ದೇಹ ತಿರುಗಿಸುತ್ತದೆ.

ಈ ಎ.ಟಿ.ಪಿ.ಯನ್ನು 1929ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರ ಜೊತೆ ಕೆಲಸ ಮಾಡುತ್ತಿದ್ದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡರು. ಸುಬ್ಬರಾವ್ ಮುಂದೆ ಲೆಡರ್ಲೆ ಪ್ರಯೋಗಾಲಯಕ್ಕೆ ಹೋಗಿ ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. 1948ರಲ್ಲಿ, ಇನ್ನೂ ಐವತ್ತಮೂರರ ವಯಸ್ಸಿನಲ್ಲೇ, ತೀರಿಕೊಂಡರು. ಭಾರತದಲ್ಲಿ ಅವರ ಹೆಸರು ಕೇಳಿದವರು ಇಂದಿಗೂ ಕಡಿಮೆ.

ಫೋಲಿಕ್ ಆಮ್ಲದ ಕತೆಗೆ ಮುಂಬಯಿಯ ನಂಟೂ ಇದೆ. ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು ಗಿರಣಿ ಕೆಲಸದ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಮಾರ್ಮೈಟ್ ಎಂಬ ಯೀಸ್ಟ್ ಸಾರ ತಿನ್ನಿಸಿದರೆ ಅದು ವಾಸಿಯಾಗುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಗುಣಕಾರಿ ವಸ್ತುವೇ ಮುಂದೆ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಭಾವನ ಕತೆಗೆ ಬೇಕು.

ಇನ್ನು ನಿಯಾಸಿನ್. ಈಗ ಮಾರುಕಟ್ಟೆಯಲ್ಲಿ ಎನ್.ಎ.ಡಿ., ಎನ್.ಎಂ.ಎನ್., ಎನ್.ಆರ್. ಎಂದು ಕೇಳುತ್ತೀರಲ್ಲ, ಅವೆಲ್ಲ ಒಂದೇ ಮನೆತನದವು. ಉರಿಯುವ ಆಹಾರದಿಂದ ಶಕ್ತಿಯನ್ನು ಮೈಟೊಕಾಂಡ್ರಿಯಾಕ್ಕೆ ಹೊತ್ತು ಹಾಕುವ ಹಮಾಲನೇ ಎನ್.ಎ.ಡಿ. ನಿಯಾಸಿನ್ ಎಂಬ ಬಿ3 ಜೀವಸತ್ವದಿಂದ ದೇಹ ಅದನ್ನು ಕಟ್ಟಿಕೊಳ್ಳುತ್ತದೆ. ಅದು ನಿಜವಾಗಿ ಕಡಿಮೆಯಾದರೆ ಏನಾಗುತ್ತದೆ ಎನ್ನುವುದಕ್ಕೆ ದಖ್ಖನ್ ಪ್ರಸ್ಥಭೂಮಿಯಲ್ಲೇ ಸಾಕ್ಷಿ ಇದೆ. ಬರೀ ಜೋಳವನ್ನೇ ತಿಂದು ಬದುಕುತ್ತಿದ್ದ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸುತ್ತಿತ್ತು. ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ, ಆಮೇಲೆ ಮನಸ್ಸಿನ ಸ್ಥಿಮಿತ ತಪ್ಪುವುದು. ಹೈದರಾಬಾದಿನ ಸಂಸ್ಥೆಯಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದನ್ನು ಅಧ್ಯಯನ ಮಾಡಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವಾಗಿರಬಹುದು ಎಂದು 1960ರಲ್ಲಿ ಬರೆದರು.

ಉತ್ತರ ಕರ್ನಾಟಕದ ಶ್ರೋತೃಗಳು ಗಾಬರಿಯಾಗಬೇಡಿ. ಜೋಳದ ರೊಟ್ಟಿಯ ಜೊತೆ ಬೇಳೆ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ ಯಾವ ಭಯವೂ ಇಲ್ಲ. ನಮ್ಮ ಹಿರಿಯರ ತಟ್ಟೆಯಲ್ಲಿ ರೊಟ್ಟಿ ಒಂಟಿಯಾಗಿರುತ್ತಿರಲಿಲ್ಲ. ಒಂಟಿಯಾಗಿಸಿದ್ದು ಬಡತನ.

ಇದರಿಂದ ಒಂದು ಮಾತು ಸ್ಪಷ್ಟ. ಕೊರತೆ ಇದ್ದವನಿಗೆ ಆ ಜೀವಸತ್ವ ಕೊಟ್ಟರೆ ಪವಾಡವೇ ನಡೆಯುತ್ತದೆ. ಹಾಸಿಗೆ ಹಿಡಿದವನು ಎದ್ದು ಓಡಾಡುತ್ತಾನೆ. ಆದರೆ ಕೊರತೆ ಇಲ್ಲದವನಿಗೆ ಅದನ್ನೇ ಹತ್ತು ಪಟ್ಟು ಕೊಟ್ಟರೆ ಹತ್ತು ಪಟ್ಟು ಚೈತನ್ಯ ಬರುತ್ತದೆಯೇ? ಡಬ್ಬಿ ಮಾರುವವರು ಜಾರಿಸಿಬಿಡುವುದು ಇಲ್ಲೇ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಅಂಗಳ ಒದ್ದೆಯಾಗುತ್ತದೆ, ಅಷ್ಟೆ. ಎನ್.ಆರ್., ಎನ್.ಎಂ.ಎನ್. ತಿಂದರೆ ರಕ್ತದಲ್ಲಿ ಎನ್.ಎ.ಡಿ. ಏರುವುದು ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಅದರಿಂದ ಆರೋಗ್ಯವಂತ ಹಿರಿಯರು ಹೆಚ್ಚು ಕಾಲ ಬಾಳಿದರು, ಹೆಚ್ಚು ಗಟ್ಟಿಯಾದರು ಎಂದು ಯಾರೂ ಇನ್ನೂ ಸಾಬೀತು ಮಾಡಿಲ್ಲ.

ಈಗ ದ್ರಾಕ್ಷಿಗೆ ಬರೋಣ. ನಾಸಿಕದ ಮಣ್ಣಿನ ಮಾತಲ್ಲವೇ! ರೆಸ್ವೆರಾಟ್ರಾಲ್ ಎನ್ನುವುದು ದ್ರಾಕ್ಷಿ ಬಳ್ಳಿ ಬೂಷ್ಟಿನಂಥ ಶತ್ರುಗಳು ಬಂದಾಗ ತನ್ನನ್ನು ಕಾಯ್ದುಕೊಳ್ಳಲು ಸಿಪ್ಪೆಯಲ್ಲಿ ಮಾಡಿಕೊಳ್ಳುವ ವಸ್ತು. ಫ್ರಾನ್ಸಿನವರು ಬೆಣ್ಣೆ, ಚೀಸ್ ಇಷ್ಟೊಂದು ತಿಂದರೂ ಅವರಿಗೆ ಹೃದಯಾಘಾತ ಕಡಿಮೆ ಏಕೆ, ಕೆಂಪು ವೈನ್ ಕಾರಣವೇ ಎಂಬ ಚರ್ಚೆ 1990ರ ದಶಕದಲ್ಲಿ ಜೋರಾಗಿತ್ತು. 2003ರಲ್ಲಿ ಡೇವಿಡ್ ಸಿಂಕ್ಲೇರ್ ಮತ್ತು ಸಂಗಡಿಗರು, ರೆಸ್ವೆರಾಟ್ರಾಲ್ ಕೊಟ್ಟರೆ ಯೀಸ್ಟ್ ಕಣಗಳು ಹೆಚ್ಚು ಕಾಲ ಬದುಕುತ್ತವೆ ಎಂದರು. 2006ರಲ್ಲಿ, ಕೊಬ್ಬು ತಿನ್ನಿಸಿ ದಪ್ಪಗಾಗಿಸಿದ ಇಲಿಗಳಿಗೂ ಅದರಿಂದ ಆಯುಸ್ಸು ಹೆಚ್ಚಿತು ಎಂಬ ವರದಿ ಬಂತು. ಪತ್ರಿಕೆಗಳಲ್ಲೆಲ್ಲ ಸುದ್ದಿ. 2008ರಲ್ಲಿ ಗ್ಲಾಕ್ಸೊಸ್ಮಿತ್‌ಕ್ಲೈನ್ ಕಂಪನಿ, ಇದೇ ದಾರಿಯಲ್ಲಿ ಔಷಧ ಹುಡುಕುತ್ತಿದ್ದ ಸರ್ಟ್ರಿಸ್ ಎಂಬ ಸಂಸ್ಥೆಯನ್ನು 72 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಮುಂದೇನಾಯಿತು? ಅಮೆರಿಕದ ಮುಪ್ಪು ಅಧ್ಯಯನದ ರಾಷ್ಟ್ರೀಯ ಸಂಸ್ಥೆ ಮಾಮೂಲು ಆಹಾರ ತಿನ್ನುವ ಇಲಿಗಳಿಗೆ ಕೊಟ್ಟು ನೋಡಿತು, ಆಯುಸ್ಸು ಹೆಚ್ಚಲಿಲ್ಲ. 2013ರಲ್ಲಿ ಸರ್ಟ್ರಿಸ್ ಕಚೇರಿಗೆ ಬೀಗ ಬಿತ್ತು. ಇಟಲಿಯ ಕಿಯಾಂತಿ ಎಂಬ ವೈನ್ ಸೀಮೆಯ ಎರಡು ಊರುಗಳಲ್ಲಿ 65 ದಾಟಿದ 783 ಜನರನ್ನು ಒಂಬತ್ತು ವರ್ಷ ಗಮನಿಸಿದರು. ಮೂತ್ರದಲ್ಲಿ ರೆಸ್ವೆರಾಟ್ರಾಲ್ ಅಂಶ ಎಷ್ಟಿದೆ ಎಂದು ಅಳೆದಿದ್ದರು. ಹೆಚ್ಚು ಇದ್ದವರಿಗೂ ಕಡಿಮೆ ಇದ್ದವರಿಗೂ ಸಾವಿನಲ್ಲಾಗಲಿ, ಹೃದಯರೋಗದಲ್ಲಾಗಲಿ, ಕ್ಯಾನ್ಸರ್‌ನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನ ಇದು.

ಇದೆಲ್ಲ ಕೇಳಿ 'ಹಾಗಾದರೆ ದ್ರಾಕ್ಷಿ ದಂಡ' ಎನ್ನಬೇಡಿ. ದ್ರಾಕ್ಷಿ ರುಚಿಯಾದ ಹಣ್ಣು, ತಿನ್ನಿ. ಸಕ್ಕರೆ ಕಾಯಿಲೆ ಇದ್ದವರು ಗೊಂಚಲನ್ನಲ್ಲ, ಹಿಡಿಯಷ್ಟು. ಈರುಳ್ಳಿಯ ಕ್ವೆರ್ಸೆಟಿನ್ ನಮ್ಮ ಕರುಳಿಗೆ ಚೆನ್ನಾಗಿಯೇ ಹಿಡಿಸುತ್ತದೆ. ಹೊರಪದರಗಳಲ್ಲಿ ಅದು ಹೆಚ್ಚು, ಆದ್ದರಿಂದ ಸುಲಿಯುವಾಗ ಒಣ ಸಿಪ್ಪೆ ಮಾತ್ರ ತೆಗೆಯಿರಿ. ಟೊಮೆಟೊದ ಲೈಕೊಪೀನ್ ಹಸಿಯದಕ್ಕಿಂತ ಎಣ್ಣೆಯಲ್ಲಿ ಬೇಯಿಸಿದಾಗ ಮೈಗೆ ಹೆಚ್ಚು ಸೇರುತ್ತದೆ. ಅಂದರೆ ನಮ್ಮ ಟೊಮೆಟೊ ಗೊಜ್ಜು, ಈರುಳ್ಳಿ ಹುಳಿಗಳೇ ಸಾಕಷ್ಟು ಶಾಸ್ತ್ರೀಯವಾಗಿವೆ.

ಈಗ ನೀವು ಕೇಳಬಹುದು: "ಆಯಿತು, ಪ್ರಯೋಜನವಿಲ್ಲದಿದ್ದರೆ ಬೇಡ. ತೊಂದರೆಯೇನೂ ಇಲ್ಲವಲ್ಲ? ದುಡ್ಡು ಹೋದರೆ ಹೋಗಲಿ." ಬಹಳ ಜನ ಹೀಗೇ ಹೇಳುತ್ತಾರೆ. ನಾನೂ ಒಂದು ಕಾಲದಲ್ಲಿ ಹೇಳುತ್ತಿದ್ದೆ.

1956ರಲ್ಲಿ ಡೆನ್ಹಮ್ ಹಾರ್ಮನ್ ಎಂಬ ವಿಜ್ಞಾನಿ, ಆಮ್ಲಜನಕದ ಉರಿಯಿಂದ ಹಾರುವ ಕಿಡಿಗಳೇ ನಮ್ಮನ್ನು ಮುದಿಯಾಗಿಸುತ್ತವೆ ಎಂಬ ವಾದ ಮಂಡಿಸಿದರು. ಕಿಡಿ ಆರಿಸುವ ವಸ್ತುಗಳಿಗೆ ಆಂಟಿಆಕ್ಸಿಡೆಂಟ್ ಎಂದು ಹೆಸರು. ಕಿಡಿ ಆರಿಸಿದರೆ ಮುಪ್ಪು ನಿಲ್ಲಬೇಕಲ್ಲವೇ? ತರ್ಕ ಚೆನ್ನಾಗಿದೆ. ಫಿನ್ಲೆಂಡಿನಲ್ಲಿ 29,133 ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ಪರೀಕ್ಷೆ ನಡೆಯಿತು. ಕೆಲವರಿಗೆ ಬೀಟಾ ಕೆರೋಟಿನ್ ಮಾತ್ರೆ. ಗಜ್ಜರಿಯ ಬಣ್ಣ ಅದು, ಅದರಿಂದೇನು ಹಾನಿ ಎಂದು ಎಲ್ಲರೂ ಅಂದುಕೊಂಡಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. 2012ರಲ್ಲಿ ಕಾಕ್ರೇನ್ ಎಂಬ ಸ್ವತಂತ್ರ ವಿಮರ್ಶಕರ ಬಳಗ 78 ಪರೀಕ್ಷೆಗಳನ್ನು, ಸುಮಾರು ಮೂರು ಲಕ್ಷ ಜನರ ಲೆಕ್ಕವನ್ನು ಒಟ್ಟಿಗೆ ನೋಡಿತು. ಆಂಟಿಆಕ್ಸಿಡೆಂಟ್ ಮಾತ್ರೆಗಳಿಂದ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ಬೀಟಾ ಕೆರೋಟಿನ್ ಮತ್ತು ವಿಟಮಿನ್ ಇ ಸಾವನ್ನು ತುಸು ಹೆಚ್ಚಿಸಬಹುದು ಎಂದೇ ಅವರು ಬರೆದರು.

ತರಕಾರಿಯಲ್ಲಿ ಗೆಳೆಯನಾಗಿದ್ದದ್ದು ಮಾತ್ರೆಯಲ್ಲಿ ಗೆಳೆಯನಾಗಿಯೇ ಇರಬೇಕೆಂದಿಲ್ಲ. ಇದು ಮೊದಲನೆಯ ಪಾಠ.

ಎರಡನೆಯ ಪಾಠ ಭಾವನದು.

ಆ ಸಂಜೆ ಅಂಗಡಿಯ ಜನ ಕಡಿಮೆಯಾದ ಮೇಲೆ ಅಕ್ಕ, ಅಂದರೆ ಭಾವನ ಹೆಂಡತಿ, ನನ್ನನ್ನು ಒಳಗೆ ಕರೆದರು. "ಇವರು ನಡೆಯುವಾಗ ವಾಲುತ್ತಾರೆ. ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗುವುದಿಲ್ಲ. ಮೊನ್ನೆ ಒಂದೇ ಚಪ್ಪಲಿಯಲ್ಲಿ ಯಾರ್ಡಿನಿಂದ ಬಂದರು. ಹುಡುಗರು ನಕ್ಕರು" ಎಂದರು. ಹೇಳುವಾಗ ಅವರೂ ನಗಲು ನೋಡಿದರು, ಆಗಲಿಲ್ಲ.

ನನಗೆ ಎದೆ ಧಸಕ್ಕೆಂದಿತು. ಭಾವನನ್ನು ಕೂರಿಸಿ ಕೇಳಿದೆ. ಅಂಗಾಲು ಜುಮುಜುಮು ಅನ್ನುವುದು ಹಿಂದಿನ ವರ್ಷದ ದೀಪಾವಳಿಯಿಂದಲೇ ಇತ್ತಂತೆ. ನಾಲಿಗೆ ಉರಿ. ಮರೆವು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ. ಶುದ್ಧ ಸಸ್ಯಾಹಾರಿ. ಹೋಟೆಲಿನ ಚಹಾದಲ್ಲಿ ಬೀಳುವ ಹಾಲು ಬಿಟ್ಟರೆ ಹಾಲು-ಮೊಸರು ತಿನ್ನಲು ಪುರಸೊತ್ತಿಲ್ಲ. "ರಕ್ತ ಪರೀಕ್ಷೆ ಮಾಡಿಸಿದ್ದೆ ಅಮ್ಮಾ, ರಕ್ತ ಕಡಿಮೆ ಇಲ್ಲ ಅಂದರು. ಹಾಗಾಗಿ ಡಬ್ಬಿ ಕೆಲಸ ಮಾಡ್ತಾ ಇದೆ ಅಂದುಕೊಂಡೆ" ಎಂದರು.

ಮರುದಿನ ನಾಸಿಕಕ್ಕೆ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿದೆವು. ಬಿ12 ಜೀವಸತ್ವದ ಪರೀಕ್ಷೆ ಮಾಡಿಸಿದರು. 200ರ ಮೇಲೆ ಇರಬೇಕಾದದ್ದು 118 ಇತ್ತು.

ಬಿ12 ಅನ್ನು ಗಿಡಗಳು ಮಾಡುವುದಿಲ್ಲ, ಸೂಕ್ಷ್ಮಜೀವಿಗಳು ಮಾತ್ರ ಮಾಡುತ್ತವೆ. ನಮಗೆ ಅದು ಬರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆ, ಆದರೆ ವರ್ಷಗಟ್ಟಲೆ ತೆಗೆದುಕೊಂಡಾಗ ಕೆಲವರಲ್ಲಿ ಕರುಳು ಬಿ12 ಹೀರುವುದನ್ನು ಕಡಿಮೆ ಮಾಡುತ್ತದೆ. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು ಇದರ ಬಗ್ಗೆ ವೈದ್ಯರಿಗೆ ಎಚ್ಚರಿಕೆಯನ್ನೇ ಕೊಟ್ಟಿದ್ದಾರೆ. ಬಿ12 ಇಲ್ಲದಿದ್ದರೆ ರಕ್ತವೂ ಕೆಡುತ್ತದೆ, ನರವೂ ಕೆಡುತ್ತದೆ. ಸಾಮಾನ್ಯವಾಗಿ ರಕ್ತದ ವರದಿ ನೋಡಿಯೇ ವೈದ್ಯರಿಗೆ ಸಂಶಯ ಬರುವುದು.

ಇಲ್ಲೇ ಫೋಲಿಕ್ ಆಮ್ಲ ಬರುತ್ತದೆ. ಭಾವನ ಕ್ಯಾಪ್ಸೂಲು, ಪುಡಿ ಎರಡನ್ನೂ ಕೂಡಿಸಿದರೆ ದಿನಕ್ಕೆ ಒಂದು ಮಿಲಿಗ್ರಾಂ ದಾಟುವಷ್ಟು ಫೋಲಿಕ್ ಆಮ್ಲ ಇತ್ತು. ಬಿ12 ಮಾತ್ರ ಇರಲಿಲ್ಲ. ಹೆಚ್ಚು ಫೋಲಿಕ್ ಆಮ್ಲ ಸಿಕ್ಕರೆ, ಬಿ12 ಕೊರತೆಯಿದ್ದರೂ ರಕ್ತ ತಕ್ಕಮಟ್ಟಿಗೆ ಸರಿಯಾಗಿಬಿಡುತ್ತದೆ. ನರಗಳು ಮಾತ್ರ ಸದ್ದಿಲ್ಲದೆ ಸವೆಯುತ್ತಾ ಹೋಗುತ್ತವೆ. ಮನೆಗೆ ಬೆಂಕಿ ಬಿದ್ದಿದೆ, ಹೊಗೆ ಮಾತ್ರ ಹೊರಗೆ ಕಾಣುತ್ತಿಲ್ಲ ಎಂಬಂತೆ. "ಇವರಲ್ಲೂ ಹಾಗೇ ಆಗಿರಬಹುದು" ಎಂದರು ವೈದ್ಯರು. ಕಾಲೇಜಿನಲ್ಲಿ ಪ್ರತಿ ವರ್ಷ ಈ ವಿಷಯವನ್ನು ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿ ಕೇಳಿದ್ದೇನೆ. ನಮ್ಮ ಮನೆಯ ಹಿರಿಯರ ಕಾಲಲ್ಲಿ ಅದು ನಡೆಯುತ್ತಿದ್ದಾಗ, ಹಬ್ಬಕ್ಕೆ ಫೋನ್ ಮಾಡಿ 'ಚೆನ್ನಾಗಿದ್ದೀರಾ ಭಾವ' ಎಂದಷ್ಟೇ ಕೇಳಿ ಇಟ್ಟಿದ್ದೇನೆ.

ಚುಚ್ಚುಮದ್ದು ಶುರುವಾಯಿತು. ಎರಡು ತಿಂಗಳಲ್ಲಿ ಸುಸ್ತು ಹೋಯಿತು, ನಾಲಿಗೆಯ ಉರಿ ಹೋಯಿತು, ಮುಖದಲ್ಲಿ ಕಳೆ ಬಂತು. ನಡೆಯುವಾಗ ವಾಲುವುದು ನಿಧಾನವಾಗಿ ಕಡಿಮೆಯಾಯಿತು. ಆದರೆ ಒಂದು ವರ್ಷವಾದರೂ ಅಂಗಾಲಿನ ಮರಗಟ್ಟುವಿಕೆ ಪೂರ್ತಿ ಹೋಗಿಲ್ಲ. ಹೋಗದೇ ಇರಲೂಬಹುದು ಎಂದಿದ್ದಾರೆ. ಈಗ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಬೂಟು ಹಾಕುತ್ತಾರೆ. ಬಿಸಿ ಕಾವಲಿಯ ಹತ್ತಿರ ಹೋಗಲು ಅಕ್ಕ ಬಿಡುವುದಿಲ್ಲ. ಒಗ್ಗರಣೆ ಈಗ ಮಗ ಹಾಕುತ್ತಾನೆ.

ಆ ಡಬ್ಬಿಯಲ್ಲಿ ವಿಷವಿರಲಿಲ್ಲ, ಶ್ರೋತೃಗಳೇ. ಅದು ತಿಂಗಳುಗಳನ್ನು ತಿಂದಿತು. 'ಏನೋ ಮಾಡುತ್ತಿದ್ದೇನೆ' ಎಂಬ ಸಮಾಧಾನ ಕೊಟ್ಟು, ಮಾಡಬೇಕಾದದ್ದನ್ನು ಮಾಡದಂತೆ ತಡೆಯಿತು. ಹೀಗೆ ಹೋದ ಕಾಲವನ್ನು ಯಾವ ಡಬ್ಬಿಯೂ ಹಿಂದಕ್ಕೆ ಕೊಡುವುದಿಲ್ಲ.

ಹಾಗಾದರೆ ಪೂರಕ ಮಾತ್ರೆಗಳೆಲ್ಲ ಬೇಡವೇ? ಹಾಗೆ ನಾನು ಹೇಳುತ್ತಿಲ್ಲ. ಭಾವನನ್ನು ಉಳಿಸಿದ್ದೂ ಒಂದು ಜೀವಸತ್ವವೇ ತಾನೆ? ಬಸುರಿಯರಿಗೆ ಕಬ್ಬಿಣ, ಫೋಲಿಕ್ ಆಮ್ಲ ಬೇಕೇ ಬೇಕು. ಕೊರತೆ ಪರೀಕ್ಷೆಯಲ್ಲಿ ಕಂಡರೆ ವಿಟಮಿನ್ ಡಿ ಬೇಕು. ಕೋಎನ್ಜೈಮ್ ಕ್ಯೂ10 ಎಂಬುದು 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಕ್ರೇನ್ ಅವರು ದನದ ಹೃದಯದ ಮೈಟೊಕಾಂಡ್ರಿಯಾದಿಂದ ಬೇರ್ಪಡಿಸಿದ ವಸ್ತು. ನಮ್ಮ ದೇಹ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಹೃದಯ ದುರ್ಬಲವಾದ 420 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಉಳಿದ ಔಷಧಗಳ ಜೊತೆ ಅದನ್ನು ಕೊಟ್ಟಾಗ ಅನುಕೂಲ ಕಂಡಿತ್ತು. ಆದರೆ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಿನ್ನುವವರಿಗೆ ಅದೇ ತೊಡಕಾಗಬಹುದು. ಆದ್ದರಿಂದ ಅದು ಹೃದಯದ ವೈದ್ಯರು ತೀರ್ಮಾನಿಸಬೇಕಾದ ವಿಷಯ, ಚಹಾದ ಗೆಳೆಯರದ್ದಲ್ಲ.

ಕಾನೂನಿನ ಒಂದೆರಡು ಮಾತು. ನಮ್ಮ ದೇಶದಲ್ಲಿ ಇವು ಔಷಧವಲ್ಲ, 2006ರ ಆಹಾರ ಸುರಕ್ಷತಾ ಕಾಯಿದೆಯಡಿ ಬರುವ ಆಹಾರ. ಡಬ್ಬಿಯ ಮೇಲೆ 'ನಾಟ್ ಫಾರ್ ಮೆಡಿಸಿನಲ್ ಯೂಸ್', ಅಂದರೆ ಔಷಧವಾಗಿ ಬಳಸಲು ಅಲ್ಲ, ಎಂದು ಬರೆಯಲೇಬೇಕು. ಕನ್ನಡಕ ಹಾಕಿಕೊಂಡು ಹುಡುಕಿ ನೋಡಿ. ಹದಿನಾಲ್ಕು ಅಂಕೆಯ ಪರವಾನಗಿ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆ ಇದ್ದರೆ ತಯಾರಕನಿಗೆ ಪರವಾನಗಿ ಇದೆ ಎಂದರ್ಥ. ಒಳಗಿನ ಪುಡಿ ಮುಪ್ಪನ್ನು ತಡೆಯುತ್ತದೆ ಎಂದು ಸರಕಾರ ಸಹಿ ಹಾಕಿದೆ ಎಂದಲ್ಲ. ಔಷಧಗಳ ವಿಷಯದಲ್ಲಂತೂ, ಅಕಾಲ ಮುಪ್ಪನ್ನು ಗುಣಪಡಿಸುತ್ತೇವೆ ಎಂದು ಹೇಳಿಕೊಳ್ಳುವುದಕ್ಕೇ ನಿಷೇಧವಿದೆ. ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ ಅದನ್ನು ಹೆಸರಿಸಿದ್ದಾರೆ. ಒಬ್ಬರ ಕೆಳಗೆ ಒಬ್ಬರನ್ನು ಸೇರಿಸಿ ದುಡ್ಡು ಮಾಡುವ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ.

ಕೊನೆಗೆ, ಮೈಟೊಕಾಂಡ್ರಿಯಾ ಎಂಬ ಆ ಒಲೆಗಳನ್ನು ಹೆಚ್ಚಿಸುವ ದಾರಿಯೇ ಇಲ್ಲವೇ? ಇದೆ. 1967ರಲ್ಲಿ ಜಾನ್ ಹೊಲೊಸ್ಜಿ ಎಂಬ ವಿಜ್ಞಾನಿ ಇಲಿಗಳನ್ನು ವಾರಗಟ್ಟಲೆ ಓಡಿಸಿ ನೋಡಿದರು. ಅವುಗಳ ಸ್ನಾಯುಗಳ ಮೈಟೊಕಾಂಡ್ರಿಯಾದ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿತ್ತು. ಮನುಷ್ಯರಲ್ಲೂ, ಎಪ್ಪತ್ತು ದಾಟಿದವರಲ್ಲೂ, ನಡಿಗೆ ಮತ್ತು ವ್ಯಾಯಾಮದಿಂದ ಅವು ಹೆಚ್ಚುವುದು ಆಮೇಲೆ ಕಂಡಿದೆ. ನಡೆದರೆ ಒಲೆ ಹೆಚ್ಚುತ್ತದೆ, ಕೂತರೆ ಆರುತ್ತದೆ. ಇದಕ್ಕೆ ಕಮಿಷನ್ ಇಲ್ಲದ ಕಾರಣ ಮನೆಬಾಗಿಲಿಗೆ ಬಂದು ಹೇಳುವವರೂ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮನೆಯ ಹಿರಿಯರು 'ಸುಸ್ತು' ಎಂದರೆ ಡಬ್ಬಿ ತರುವ ಮುಂಚೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ರಕ್ತ, ಸಕ್ಕರೆ, ಥೈರಾಯ್ಡ್, ಬಿ12, ಹೃದಯ ಇವುಗಳ ಬಗ್ಗೆ ಕೇಳಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿನ್ನುತ್ತಿದ್ದರೆ ಬಿ12 ಪರೀಕ್ಷೆ ಬೇಕೇ ಎಂದು ವಿಚಾರಿಸಿ. ನನ್ನ ಮಾತು ಕೇಳಿ ಆ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ, ಭಾವ ಇಂದಿಗೂ ಅದನ್ನು ತಿನ್ನುತ್ತಾರೆ. ಈಗಾಗಲೇ ಡಬ್ಬಿ ತಂದಿದ್ದರೆ ನಾಚಿಕೆ ಬೇಡ, ಅದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ. ತಟ್ಟೆಯಲ್ಲಿ ಬೇಳೆ-ಕಾಳು, ಮೊಸರು ಇರಲಿ. ದಿನಾ ಅರ್ಧ ಗಂಟೆ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತುಕೊಳ್ಳಿ.

ಮತ್ತು ಫೋನ್ ಮಾಡಿದಾಗ 'ಚೆನ್ನಾಗಿದ್ದೀರಾ' ಎಂದಷ್ಟೇ ಕೇಳಬೇಡಿ. 'ಚೆನ್ನಾಗಿದ್ದೇನೆ' ಎಂದೇ ಅವರು ಹೇಳುವುದು. 'ಕಾಲು ಹೇಗಿದೆ, ಹಸಿವು ಹೇಗಿದೆ, ಮೆಟ್ಟಿಲು ಹತ್ತಲಾಗುತ್ತದೆಯೇ' ಎಂದು ಒಂದೊಂದಾಗಿ ಕೇಳಿ.

ಮೊನ್ನೆ ದ್ರಾಕ್ಷಿ ಕಾಲದಲ್ಲಿ ಮತ್ತೆ ಪಿಂಪಳಗಾಂವಿಗೆ ಹೋಗಿದ್ದೆವು. ಗಲ್ಲಾಪೆಟ್ಟಿಗೆಯ ಪಕ್ಕ ಈಗ ಡಬ್ಬಿಯಿಲ್ಲ, ಮೊಸರಿನ ಬಟ್ಟಲು ಇದೆ. ಆ ಪರಿಚಯದವರು ಈಗಲೂ ಚಹಾಕ್ಕೆ ಬರುತ್ತಾರೆ. ಭಾವ ಅವರ ತಾಯಿಗೂ ಬಿ12 ಪರೀಕ್ಷೆ ಮಾಡಿಸಿದರಂತೆ. ಸಂಜೆ ಯಾರ್ಡಿನ ಸುತ್ತ ಒಂದು ಸುತ್ತು ನಡೆದೆವು. ನಾನು ನಿಧಾನವಾಗಿ ಹೋಗುತ್ತಿದ್ದೆ, ಅವರಿಗಾಗಿ. ಅವರು ತಿರುಗಿ, "ಏನಮ್ಮಾ, ನಿನಗೆ ಸುಸ್ತೋ? ಸೆಲ್ ಎನರ್ಜಿ ಬೇಕೋ?" ಎಂದರು.

ನಕ್ಕೆ. ಈ ಸಲ ನಗು ಉಳಿಯಿತು.

ನಿಮ್ಮ ಮನೆಯ ಹಿರಿಯರೂ ಹೀಗೆ ನಿಮ್ಮನ್ನು ಹಿಂದೆ ಹಾಕಿ ನಡೆಯುವಂತಾಗಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.